ಬರೆದವರು ಯಾರೋ, ಅಫಿಡವಿಟ್ ನಿಮ್ಮದು

ಧಾರವಾಡ ಜಿಲ್ಲೆಯ ಹಳ್ಳಿಗಳಿಗೆ ಜೂನ್ 1ನ್ನು ರಜೆ ಎಂದು ಸಾರುವುದು ಯಾವಾಗಲೋ ಆಗಬೇಕಿತ್ತು. ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ, ಯಾವ ಕಡೆಗಾದರೂ ಹೋಗಿ ಅರವತ್ತು ದಾಟಿದವರ ಆಧಾರ್ ಕಾರ್ಡು ತೆಗೆಸಿ ನೋಡಿ. ಅರ್ಧ ಊರು ಜೂನ್ 1ಕ್ಕೇ ಹುಟ್ಟಿದೆ. ಸೀಗಿ ಹುಣ್ಣಿಮೆಗೆ ಹುಟ್ಟಿದವರು, ಕಾರ ಹುಣ್ಣಿಮೆಯ ಮರುದಿನ ಹುಟ್ಟಿದವರು, ಜೋಳ ಕೊಯ್ಯುವಾಗ ಹೊಲದ ಬದುವಿನ ಮೇಲೇ ಹುಟ್ಟಿದವರು, ಎಲ್ಲರನ್ನೂ ಕನ್ನಡ ಶಾಲೆಯ ಹೆಡ್ ಮಾಸ್ತರರು ಒಂದೇ ದಿನ ಹಡೆದುಬಿಟ್ಟರು. ಕಲಘಟಗಿಯ ಬಣ್ಣದ ತೊಟ್ಟಿಲು ಅಟ್ಟದ ಮೇಲೆ ಇನ್ನೂ ಗಟ್ಟಿಮುಟ್ಟಾಗಿದೆ. ಅದರಲ್ಲಿ ಮಲಗಿದ ಕೂಸು ಯಾವತ್ತು ಬಂದು ಮಲಗಿತು ಎಂಬುದಕ್ಕೆ ಮಾತ್ರ ಕಾಗದವಿಲ್ಲ.

ಹೊಲ ಮನೆ ನೋಡಿಕೊಂಡಿದ್ದವನಿಗೆ ಇದರಿಂದ ತೊಂದರೆಯಿಲ್ಲ. ವೃದ್ಧಾಪ್ಯ ವೇತನಕ್ಕೆ ಅರ್ಜಿ ಹಾಕುವ ತನಕ ಅವನಿಗೆ ತನ್ನ ಹುಟ್ಟಿದ ದಿನ ಬೇಕಾಗುವುದೇ ಇಲ್ಲ. ಸಿಕ್ಕಿಬೀಳುವವನು ಫೌಜಿಗೆ ಹೋದವನು. ಅಂಥ ಒಬ್ಬ ಮಿಲ್ಟ್ರಿ ಕಾಕಾನನ್ನು ಕಲ್ಪಿಸಿಕೊಳ್ಳಿ, ಊರಿಗೆ ಒಬ್ಬಿಬ್ಬರಾದರೂ ಇರುತ್ತಾರೆ. ಹೆಸರು ಬೇಡ. ಇರುವ ಹೆಸರೇ ತಕರಾರಿನಲ್ಲಿರುವಾಗ ನಾನೊಂದು ಬರೆದು, ಅದಕ್ಕೂ ಅವರು ಅಫಿಡವಿಟ್ ಮಾಡಿಸುವಂತಾಗಬಾರದು.

ಕಾಕಾ ಅರವತ್ತರ ದಶಕದ ಕೊನೆಗೆ ಭರ್ತಿಯಾದರು. ಎದೆ ಅಳೆದರು, ಓಡಿಸಿದರು, ಹಲ್ಲು ಎಣಿಸಿದರು, ಪಾದ ಚಪ್ಪಟೆಯಿದೆಯೇ ಎಂದು ತಿರುಗಿಸಿ ನೋಡಿದರು. ಒಂದು ಹಲ್ಲು ಹೆಚ್ಚುಕಡಿಮೆಯಾಗದಂತೆ ಎಚ್ಚರ ವಹಿಸಿದ ಸೈನ್ಯ, ಹೆಸರು ಬರೆಯುವ ಕೆಲಸವನ್ನು ಅವಸರದಲ್ಲಿದ್ದ ಒಬ್ಬ ಗುಮಾಸ್ತನಿಗೆ ಬಿಟ್ಟಿತು. ಅವನದು ಬೇರೆ ಸೀಮೆ. ಉದಾಹರಣೆಗೆ, ಫಕ್ಕೀರಪ್ಪ ಎಂದರೆ ಶಿರಹಟ್ಟಿ ಫಕ್ಕೀರೇಶ್ವರನ ಹರಕೆಯ ಹೆಸರು ಎಂದು ನಮಗೆ ಗೊತ್ತು, ಅವನಿಗೆ ಹೇಗೆ ಗೊತ್ತಾಗಬೇಕು? ಫಕ್ಕೀರಪ್ಪನನ್ನು ಎರಡು ತುಂಡು ಮಾಡಿ ಮೊದಲ ತುಂಡಿನ ಆಧಾರದ ಮೇಲೆ ಧರ್ಮದ ಕಾಲಮ್ಮನ್ನೂ ಅವನೇ ತುಂಬಿದರೆ ಆಶ್ಚರ್ಯವಿಲ್ಲ. ಮುಂದೆ ಮದುವೆಯಾಗಿ ಹೆಂಡತಿಯ ಹೆಸರು ಸೇರಿಸುವಾಗ ಊರಿನ 'ಅವ್ವ' ಹೋಗಿ 'ದೇವಿ' ಬರುತ್ತದೆ. ಅಪ್ಪನ ಹೆಸರು ಅಡ್ಡಹೆಸರಾಗಿ, ಅಡ್ಡಹೆಸರು ಊರಾಗಿ, ಊರು ಪಕ್ಕದ ಜಿಲ್ಲೆಯಾಗಿ ಸೇವಾ ದಾಖಲೆಯಲ್ಲಿ ಒಬ್ಬ ಹೊಸ ಮನುಷ್ಯ ತಯಾರಾಗುತ್ತಾನೆ. ಇಪ್ಪತ್ತು ವರ್ಷ ಬಿಸಿಲು ಹಿಮ ಉಂಡವರು ಕಾಕಾ, ಬಡ್ತಿ ಪಡೆದವನು ಆ ಹೊಸ ಮನುಷ್ಯ.

ಇಷ್ಟಾದರೂ ತಪ್ಪುಗಳು ಸಭ್ಯವಾಗಿಯೇ ಇದ್ದವು. ಬ್ಯಾಂಕಿನ ಮ್ಯಾನೇಜರ್ ಕಾಕಾನ ಮುಖ ನೋಡುತ್ತಿದ್ದ, ಪಾಸ್‌ಬುಕ್ ನೋಡುತ್ತಿದ್ದ, ಮೀಸೆ ನೋಡಿ ಪಿಂಚಣಿ ಕೊಡುತ್ತಿದ್ದ. ಆಮೇಲೆ ಬಂತು ಸ್ಪರ್ಶ್. 2021ರಿಂದ ಸೈನಿಕ ಪಿಂಚಣಿದಾರರನ್ನು ಹಂತ ಹಂತವಾಗಿ ಈ ಕಂಪ್ಯೂಟರ್ ವ್ಯವಸ್ಥೆಗೆ ದಾಟಿಸಿದರು. ಮನುಷ್ಯನಿಗೆ ಮನುಷ್ಯ ಸಾಕ್ಷಿಯಾಗುವ ಕಾಲ ಮುಗಿದು, ಪಿಪಿಒಗೆ, ಅಂದರೆ ಪಿಂಚಣಿ ಪಾವತಿ ಆದೇಶಕ್ಕೆ, ಆಧಾರ್ ಸಾಕ್ಷಿ, ಆಧಾರಿಗೆ ಪ್ಯಾನ್ ಸಾಕ್ಷಿ, ಪ್ಯಾನಿಗೆ ಮೊಬೈಲ್ ನಂಬರ್ ಸಾಕ್ಷಿ ಎಂಬ ಕಾಲ ಶುರುವಾಯಿತು. ನಾಲ್ಕೂ ಒಂದಕ್ಕೊಂದು ಗುರುತು ಹಿಡಿಯಬೇಕು. ಹಿಡಿಯಲಿಲ್ಲ.

"ಕಾಕಾ, ನಿಮ್ಮ ಹೆಸರಿನ್ಯಾಗ ಒಂದ 'ಎಚ್' ಜಾಸ್ತಿ ಐತ್ರಿ," ಎಂದ ಕಂಪ್ಯೂಟರ್ ಅಂಗಡಿಯ ಹುಡುಗ.

"ಅದನ್ನ ನಾ ಹಾಕಿಲ್ಲಪಾ."

"ಹಂಗಂದ್ರ ನೀವು ಹಾಕಿಲ್ಲಂತ ಅಫಿಡವಿಟ್ ಕೊಡಬೇಕಾಗ್ತದ್ರಿ."

ಇಡೀ ದೇಶದ ದಾಖಲೆ ದುರಸ್ತಿಯ ತತ್ವ ಈ ಹುಡುಗನ ಮಾತಿನಲ್ಲಿದೆ. ತಪ್ಪು ಬರೆದವನು ಬರೆಯುವಾಗ ಯಾವ ಪುರಾವೆಯನ್ನೂ ಲಗತ್ತಿಸಿರಲಿಲ್ಲ. ಅವನನ್ನು ಯಾವ ಮ್ಯಾಜಿಸ್ಟ್ರೇಟರ ಮುಂದೆಯೂ ನಿಲ್ಲಿಸಲಿಲ್ಲ, ಅವನು ಎರಡು ಪತ್ರಿಕೆಗಳಲ್ಲಿ ಜಾಹೀರಾತು ಕೊಟ್ಟು "ನಾನು ಇವರ ಹೆಸರಿಗೆ ಒಂದು ಅಕ್ಷರ ಸೇರಿಸುತ್ತಿದ್ದೇನೆ, ತಕರಾರಿದ್ದವರು ತಿಳಿಸಿ" ಎಂದು ಕೇಳಿರಲಿಲ್ಲ. ತಪ್ಪಾಗಲು ಅರ್ಧ ನಿಮಿಷ ಸಾಕಾಯಿತು. ಸರಿಯಾಗಲು ಬಾಂಡ್ ಪೇಪರ್, ನೋಟರಿ, ಪತ್ರಿಕಾ ಪ್ರಕಟಣೆ, ಮೂರು ಪ್ರತಿ, ದೃಢೀಕೃತ ಝೆರಾಕ್ಸ್. ಜಾಹೀರಾತಿನ ಒಕ್ಕಣೆಯಂತೂ ಸೊಗಸು: ಇನ್ನು ಮುಂದೆ ತಾನು ಇಂಥ ಹೆಸರಿನಿಂದ ಕರೆಯಲ್ಪಡುವುದಾಗಿ ಕಾಕಾ ಲೋಕಕ್ಕೆ ತಿಳಿಸಬೇಕು. ಎಪ್ಪತ್ತೈದು ವರ್ಷದಿಂದ ಊರೆಲ್ಲ ಅದೇ ಹೆಸರು ಹಿಡಿದೇ ಕೂಗುತ್ತಿದೆ.

ಕಾಗದಗಳೆಲ್ಲ ಸೇರಿ ಸೈನ್ಯದ ರೆಕಾರ್ಡ್ಸ್ ಆಫೀಸಿಗೆ ಹೋಗುತ್ತವೆ. ಅಲ್ಲಿಂದ ಉತ್ತರ: ನಮ್ಮ ದಾಖಲೆಯ ಪ್ರಕಾರ ನಮ್ಮ ದಾಖಲೆ ಸರಿಯಿದೆ, ತಿದ್ದುಪಡಿ ಬೇಕಿದ್ದರೆ ಭರ್ತಿಯ ಕಾಲದ ಮೂಲ ದಾಖಲೆ ಲಗತ್ತಿಸಿ. ಭರ್ತಿಯ ಕಾಲದ ಮೂಲ ದಾಖಲೆ ಎಲ್ಲಿದೆ? ರೆಕಾರ್ಡ್ಸ್ ಆಫೀಸಿನಲ್ಲಿ. ಅಲ್ಲಿಂದ ಒಂದು ವೇಳೆ ಒಪ್ಪಿಗೆಯಾದರೆ ಕಡತ ಪ್ರಯಾಗರಾಜಕ್ಕೆ, ರಕ್ಷಣಾ ಪಿಂಚಣಿ ಲೆಕ್ಕದ ಪ್ರಧಾನ ನಿಯಂತ್ರಕರ ಕಚೇರಿಗೆ ಹೋಗಬೇಕು. ಆ ಕಚೇರಿ ಇರುವ ಜಾಗದ ಹೆಸರು ದ್ರೌಪದಿ ಘಾಟ್. ಸೀರೆ ಯಾಕೆ ಮುಗಿಯಲಿಲ್ಲ ಎಂಬ ಕತೆ ಗೊತ್ತಿದ್ದವರಿಗೆ ಕಡತ ಯಾಕೆ ಮುಗಿಯುವುದಿಲ್ಲ ಎಂದು ಬಿಡಿಸಿ ಹೇಳಬೇಕಿಲ್ಲ.

ಹವಾಲ್ದಾರನಾಗಿ ನಿವೃತ್ತನಾದವನ ಮಾತು ಯಾರು ಕೇಳುತ್ತಾರೆ, ದೊಡ್ಡ ಸಾಹೇಬನಾಗಿದ್ದರೆ ಆಗುತ್ತಿತ್ತು ಎಂದು ಕಾಕಾನ ಮನೆಯವರು ಹಲುಬುತ್ತಾರೆ. ಅವರಿಗೆ ಜನರಲ್ ವಿ.ಕೆ. ಸಿಂಗ್ ಅವರ ಪುರಾಣ ಹೇಳಿ ಸಮಾಧಾನ ಮಾಡಬೇಕು. ಹನ್ನೊಂದು ಲಕ್ಷಕ್ಕೂ ಹೆಚ್ಚು ಸೈನಿಕರ ದಂಡನಾಯಕರಾಗಿದ್ದವರು. ಅವರ ಜನ್ಮವರ್ಷ ಸೇನಾ ಪ್ರಧಾನ ಕಚೇರಿಯ ಒಂದು ಶಾಖೆಯಲ್ಲಿ 1951, ಅದೇ ಪ್ರಧಾನ ಕಚೇರಿಯ ಇನ್ನೊಂದು ಶಾಖೆಯಲ್ಲಿ 1950. ತಪ್ಪಿನ ಬೇರು ಹುಡುಗನಿದ್ದಾಗ ತುಂಬಿದ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ (ಎನ್‌ಡಿಎ) ಅರ್ಜಿಯಲ್ಲಿತ್ತು. ಸರಕಾರ 2011ರ ಡಿಸೆಂಬರಿನಲ್ಲಿ ಅವರ ದೂರನ್ನು ತಳ್ಳಿಹಾಕಿತು. ಜನರಲ್ ಸಾಹೇಬರು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿ, 2012ರ ಫೆಬ್ರುವರಿ 10ರಂದು ಅರ್ಜಿ ವಾಪಸು ತೆಗೆದುಕೊಂಡು, ಮೇ 31ಕ್ಕೆ ಸರಕಾರ ಹೇಳಿದ ವಯಸ್ಸಿನಲ್ಲೇ ನಿವೃತ್ತರಾದರು. ಸೈನ್ಯಕ್ಕೆ ಸೈನ್ಯವೇ ಬೆನ್ನ ಹಿಂದೆ ಇದ್ದವರು ಒಂದು ವರ್ಷದ ಗುಡ್ಡ ಹತ್ತಲಾಗದೆ ಇಳಿದರು. ಕಾಕಾನ ಬೆನ್ನ ಹಿಂದೆ ಇರುವುದು ಕಂಪ್ಯೂಟರ್ ಅಂಗಡಿಯ ಸರದಿ.

ನಮ್ಮ ಜಿಲ್ಲೆಯಲ್ಲಿ ವಯಸ್ಸು ಪಕ್ಕಾ ಗೊತ್ತಾಗಿದ್ದು ಅಣ್ಣಿಗೇರಿಯ ತಲೆಬುರುಡೆಗಳದು ಮಾತ್ರ. 2010ರಲ್ಲಿ ಚರಂಡಿ ತೋಡುವಾಗ ನೂರಾರು ಬುರುಡೆಗಳು ಸಿಕ್ಕವು. ಯಾವ ಬುರುಡೆಗೂ ಶಾಲಾ ದಾಖಲಾತಿ ಕೇಳದೆ, ಕಾರ್ಬನ್ ಪರೀಕ್ಷೆ ಮಾಡಿಸಿ, ಆರುನೂರು ವರ್ಷದ ಆಸುಪಾಸಿನವು ಎಂದು ಹೇಳಿದರು. ಬದುಕಿರುವ ಕಾಕಾನಿಗೆ ಈ ಸೌಲಭ್ಯ ಇಲ್ಲ.

ಹೆಸರು, ಜನ್ಮದಿನಾಂಕ ಹೋಗಲಿ, ಅದಕ್ಕೆ ದುಡ್ಡಿನ ಸಂಬಂಧವಿದೆ, ಸರಕಾರ ಕೈ ಬಿಗಿ ಹಿಡಿಯುತ್ತದೆ ಎನ್ನೋಣ. ಪದಕದ್ದೇನು? 1971ರ ಯುದ್ಧಕ್ಕೆ ಮೂರು ಪದಕ. ಪೂರ್ವದಲ್ಲಿ ಕಾದಿದವರಿಗೆ ಪೂರ್ವಿ ಸ್ಟಾರ್, ಪಶ್ಚಿಮದಲ್ಲಿ ಕಾದಿದವರಿಗೆ ಪಶ್ಚಿಮಿ ಸ್ಟಾರ್, ಇವೆರಡರ ಜೊತೆಗೆ ಹಿಂದುಮುಂದು ಸಜ್ಜಾಗಿ ನಿಂತವರಿಗೂ ಸೇರಿ ಸಂಗ್ರಾಮ್ ಮೆಡಲ್. ಕಾಕಾ ಹೋಗಿದ್ದು ಪೂರ್ವಕ್ಕೆ, ಕೆಸರಿನಲ್ಲಿ ತೊಡೆಮಟ ಹುಗಿದುಕೊಂಡು. ಡಿಸ್ಚಾರ್ಜ್ ಬುಕ್ಕಿನಲ್ಲಿ ಇರುವುದು ಪಶ್ಚಿಮಿ ಸ್ಟಾರ್.

"ಎರಡೂ ದಿಕ್ಕ ಅಲ್ಲೇನ್ರಿ?" ಎಂದು ಒಬ್ಬ ಗುಮಾಸ್ತ ಸಮಾಧಾನ ಹೇಳುತ್ತಾನೆ. ಇನ್ನೊಬ್ಬ ಸ್ವಲ್ಪ ತಿಳಿದವನು. "ಸಾಹೇಬ್ರ, ಇದಕ್ಕ ಭತ್ಯೆ ಗಿತ್ಯೆ ಏನೂ ಬರೂದಿಲ್ಲ. ಸೇನಾ ಮೆಡಲ್ ಇದ್ದರ ತಿಂಗಳಿಗೆ ಎರಡ ಸಾವಿರ ಬರತಿತ್ತು. ಇದು ಬರೇ ರಿಬ್ಬನ್. ಯಾಕ ಬಡಿದಾಡ್ತೀರಿ?"

"ನಾ ಅಲ್ಲಿ ಹೋಗಿದ್ದೆ, ಅದಕ."

ಈ ಉತ್ತರಕ್ಕೆ ಯಾವ ಫಾರಂನಲ್ಲೂ ಕಾಲಮ್ ಇಲ್ಲದ್ದರಿಂದ ಗುಮಾಸ್ತ ಅದನ್ನು ಬರೆದುಕೊಳ್ಳಲಿಲ್ಲ.

ಪದಕ ಕೈಗೆ ಬಂದರೂ ಕತೆ ಮುಗಿಯುವುದಿಲ್ಲ. ಅಂಚಿನ ಮೇಲೆ ನಂಬರು, ಹೆಸರು ಕೊರೆದಿರುತ್ತದೆ. ಕಾಗದದ ತಪ್ಪಿಗೆ ಗೆದ್ದಲಾದರೂ ಹಿಡಿದೀತು, ಲೋಹದ ತಪ್ಪು ಮೊಮ್ಮಕ್ಕಳ ಕಾಲಕ್ಕೂ ಹೊಳೆಯುತ್ತದೆ. ಅಸಲಿ ಪದಕ ಬರುವ ತನಕ ಕಂಟೋನ್ಮೆಂಟಿನ ಟೇಲರ್ ಅಂಗಡಿಯಿಂದ ನಕಲು ಕೊಂಡು ಎದೆಗೆ ಚುಚ್ಚಿಕೊಳ್ಳುವುದು ಫೌಜಿನ ಹಳೆಯ ವಾಡಿಕೆ. ದೇಶಕ್ಕಾಗಿ ಗಳಿಸಿದ್ದನ್ನು ರೊಕ್ಕ ಕೊಟ್ಟು ಕೊಳ್ಳುವ ಈ ವ್ಯಾಪಾರದಲ್ಲಿ ಒಂದು ಅನುಕೂಲವೂ ಇದೆಯೆನ್ನಿ: ಅಂಗಡಿಯವನು ಪೂರ್ವ ಕೇಳಿದರೆ ಪೂರ್ವವನ್ನೇ ಕೊಡುತ್ತಾನೆ.

ಕಾಕಾನ ಮನೆಯಲ್ಲಿ ತಪ್ಪಿಲ್ಲದ ಒಂದೇ ಒಂದು ಸರಕಾರಿ ದಾಖಲೆ ಇದೆ. ಅದು ಕರಿ ಟ್ರಂಕು. ಅದರ ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ನಂಬರು, ರ‍್ಯಾಂಕು, ಹೆಸರು, ಪಲ್ಟನ್ನು ಎಲ್ಲ ಸರಿಯಾಗಿದೆ, ಯಾಕೆಂದರೆ ಅದನ್ನು ಬರೆದವರು ಕಾಕಾನೇ. ಆದರೆ ಟ್ರಂಕಿನ ಝೆರಾಕ್ಸ್ ತೆಗೆಯುವ ಯಂತ್ರ ಅಣ್ಣಿಗೇರಿಗೆ ಇನ್ನೂ ಬಂದಿಲ್ಲ.

ಪತ್ರ ಬರೆದು ಕಾಯುವ ವಿಷಯಕ್ಕೆ ಬಂದರೆ, 1971ರ ಡಿಸೆಂಬರಿನಲ್ಲಿ ಪೂರ್ವ ರಣರಂಗದ ಜಮಾಲ್ಪುರ ನೆನಪಾಗುತ್ತದೆ. ಮರಾಠಾ ಲಘು ಪದಾತಿಯ ಮೊದಲನೇ ಪಲ್ಟನ್ ಊರನ್ನು ಸುತ್ತುವರಿದಿತ್ತು. ಆ ರೆಜಿಮೆಂಟಿನ ಕೇಂದ್ರ ನಮ್ಮ ಬೆಳಗಾವಿಯಲ್ಲೇ ಇದೆ. ಶರಣಾಗಿ ಎಂದು ನಮ್ಮ ಬ್ರಿಗೇಡಿಯರ್ ಒಬ್ಬ ದೂತನ ಕೈಯಲ್ಲಿ ಪಾಕಿಸ್ತಾನಿ ಕರ್ನಲ್‌ಗೆ ಚೀಟಿ ಕಳಿಸಿದರು. ಸುತ್ತ ಗುಂಡು ಹಾರುತ್ತಿದ್ದರೂ ಅದೇ ದಿನ ಉತ್ತರ ಬಂತು, ಶರಣಾಗುವುದಿಲ್ಲ ಎಂಬ ಕಾಗದದಲ್ಲಿ ಸುತ್ತಿದ ಒಂದು ಬುಲೆಟ್ಟಿನ ಸಮೇತ. ಶತ್ರುವಾದರೂ ಸ್ವೀಕೃತಿ ಪತ್ರದ ಮರ್ಯಾದೆ ತಿಳಿದವನು. ಕಾಕಾನ ರಿಜಿಸ್ಟರ್ಡ್ ಪೋಸ್ಟಿಗೆ ಉತ್ತರವೂ ಇಲ್ಲ, ಬುಲೆಟ್ಟೂ ಇಲ್ಲ.

ಪದಕದ ದಾಖಲೆಯಲ್ಲಿ ಎಡವುವುದು ಹಳ್ಳಿಯವರ ಪಾಲಿಗಷ್ಟೇ ಮೀಸಲಲ್ಲ. ಕಾರ್ಗಿಲ್ ಯುದ್ಧದ ಬಳಿಕ 1999ರ ಆಗಸ್ಟಿನಲ್ಲಿ 18ನೇ ಗ್ರೆನೇಡಿಯರ್ಸ್‌ನ ಯೋಗೇಂದ್ರ ಸಿಂಗ್ ಯಾದವ್ ಅವರಿಗೆ ಪರಮವೀರ ಚಕ್ರ ಘೋಷಣೆಯಾಯಿತು, ಮರಣೋತ್ತರವಾಗಿ. ಅವರು ಆಸ್ಪತ್ರೆಯ ಮಂಚದ ಮೇಲೆ ಉಸಿರಾಡುತ್ತಿದ್ದರು. ತೀರಿಕೊಂಡಿದ್ದು ಅದೇ ಪಲ್ಟನ್ನಿನಲ್ಲಿದ್ದ ಅದೇ ಹೆಸರಿನ ಇನ್ನೊಬ್ಬ ಸೈನಿಕ. ದೇಶದ ಅತಿ ದೊಡ್ಡ ಪದಕವಾದ್ದರಿಂದ ಬೇಗ ತಿದ್ದಿದರು. ಸಣ್ಣ ಪದಕವಾಗಿದ್ದರೆ, ತಾನು ಸತ್ತಿಲ್ಲವೆಂಬುದಕ್ಕೆ ಇಬ್ಬರು ಸಾಕ್ಷಿದಾರರನ್ನು ಅವರೇ ಕರೆದುಕೊಂಡು ಬರಬೇಕಾಗುತ್ತಿತ್ತೋ ಏನೋ. ಅದೇ ಕಾರ್ಗಿಲ್ಲಿನಲ್ಲಿ ಬಟಾಲಿಕ್ ವಲಯದ ಬ್ರಿಗೇಡ್ ನಡೆಸಿದ ದೇವಿಂದರ್ ಸಿಂಗ್ ತಮ್ಮ ಪಾಲಿನ ಯುದ್ಧದ ವರದಿಯನ್ನೇ ಮೇಲಿನವರು ತಿರುಚಿದ್ದಾರೆ ಎಂದು ದೂರಿದರು. ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಹೌದೆಂದು ಒಪ್ಪಿ, ತಿದ್ದಿ ಎಂದು ಹೇಳಿದ್ದು 2010ರಲ್ಲಿ. ಯುದ್ಧ ಮೂರು ತಿಂಗಳೊಳಗೆ ಮುಗಿದಿತ್ತು.

ಆ ನ್ಯಾಯಮಂಡಳಿ 2009ರಿಂದ ಕೆಲಸ ಮಾಡುತ್ತಿದೆ, ಕಾಕಾನೂ ಹೋಗಬಹುದು. ಕರ್ನಾಟಕವನ್ನು ಹಂಚಿರುವುದು ಕೊಚ್ಚಿಯ ಪೀಠಕ್ಕೆ. ಧಾರವಾಡದಲ್ಲಿ ಹೈಕೋರ್ಟಿನ ಪೀಠವೇ ಇದ್ದರೂ ನವಲಗುಂದದ ಹವಾಲ್ದಾರ ತನ್ನ 'ಎಚ್' ತೆಗೆಸಲು ಅರಬ್ಬೀ ಸಮುದ್ರದ ದಂಡೆಗುಂಟ ಕೇರಳಕ್ಕೆ ದಂಡಯಾತ್ರೆ ಹೋಗಬೇಕು. ದಂಡಯಾತ್ರೆ ಅವರಿಗೆ ರೂಢಿಯಿರುವುದೇ ಎಂದು ಸರಕಾರ ಯೋಚಿಸಿರಬೇಕು.

ನಮ್ಮ ಸೀಮೆಗೆ ಯೋಧರ ದಾಖಲೆ ಹೊಸದೇನೂ ಅಲ್ಲ. ಯಾವ ಹಳ್ಳಿಯ ಹಣಮಪ್ಪನ ಗುಡಿಯ ಹಿಂದೆ ನೋಡಿದರೂ ಒಂದು ವೀರಗಲ್ಲು ವಾಲಿಕೊಂಡಿರುತ್ತದೆ. ಕೆಳಗೆ ತುರುಗಾಳಗ, ನಡುವೆ ಅಪ್ಸರೆಯರು, ಮೇಲೆ ಕೈಲಾಸ. ದನ ಬಿಡಿಸಲು ಹೋಗಿ ಸತ್ತವನ ಸೇವಾ ಪುಸ್ತಕ ಅದು. ಬಡ್ತಿ ನೇರ ಶಿವಲೋಕಕ್ಕೆ, ಪಿಪಿಒ ಇಲ್ಲದೆ. ಊರಿನವರು ಕಣ್ಣಾರೆ ಕಂಡರು, ಕಲ್ಲುಕುಟಿಗ ಕೊರೆದ, ಮುಗಿಯಿತು. ತಾಯಿಯ ಕಡೆಯಿಂದ ಅಣ್ಣಿಗೇರಿಯವನಾದ ಪಂಪ ಕವಿಯೂ ಹೌದು, ಕಲಿಯೂ ಹೌದು. ರಾಜ ಅರಿಕೇಸರಿ ಅವನಿಗೆ ಧರ್ಮವುರವೆಂಬ ಅಗ್ರಹಾರ ಕೊಟ್ಟ. ಅದನ್ನು ಅವನ ತಮ್ಮ ಜಿನವಲ್ಲಭ ಕುರಿಕ್ಯಾಲದ ಬಂಡೆಯ ಮೇಲೆ ಹಿರಿಯರ, ತಾಯಿಯ ಹೆಸರುಗಳ ಸಮೇತ ಕನ್ನಡ, ಸಂಸ್ಕೃತ, ತೆಲುಗು ಮೂರರಲ್ಲೂ ಕೆತ್ತಿಸಿಟ್ಟ. ಸಾವಿರ ವರ್ಷ ದಾಟಿದರೂ ತಾಯಿ ಅಬ್ಬಣಬ್ಬೆ ಅಬ್ಬಣಬ್ಬೆಯಾಗಿಯೇ ಉಳಿದಿದ್ದಾಳೆ, 'ದೇವಿ' ಆಗಿಲ್ಲ. ಜಿನವಲ್ಲಭ ಬುದ್ಧಿವಂತ. ಮೂಲ ಪ್ರತಿಯನ್ನು ಕಚೇರಿಗೆ ಕೊಡಲಿಲ್ಲ.

ಕೊಟ್ಟಿದ್ದರೆ ಏನಾಗುತ್ತಿತ್ತು ಎಂಬುದಕ್ಕೂ ನಿಯಮ ಇದೆ. ಪಿಂಚಣಿಯಿಲ್ಲದೆ ಫೌಜು ಬಿಟ್ಟವರ ಕಡತವನ್ನು 25 ವರ್ಷ ಇಟ್ಟುಕೊಂಡು ಆಮೇಲೆ ನಾಶ ಮಾಡುತ್ತಾರೆ. ಅಂಥ ಮುದುಕನೊಬ್ಬ ಕೈ ನಡುಗಿಸುತ್ತ ಅರ್ಜಿ ಹಾಕಿದರೆ ಬರುವ ಉತ್ತರದಲ್ಲಿ ಅವನು ಎಲ್ಲಿ ಇದ್ದ, ಏನು ಮಾಡಿದ ಎಂಬುದು ಇರುವುದಿಲ್ಲ. ಕಡತ ನಾಶವಾದ ವಿಷಯ ಮಾತ್ರ ನಿಯಮದ ಸಂಖ್ಯೆ ಸಮೇತ ಸ್ಪಷ್ಟವಾಗಿರುತ್ತದೆ. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ 1973ರ ಜುಲೈ 12ರಂದು ಬೆಂಕಿ ಬಿದ್ದು ಒಂದೂವರೆ ಕೋಟಿಗೂ ಹೆಚ್ಚು ಸೈನಿಕರ ಕಡತ ಸುಟ್ಟವು. ಅಲ್ಲಿಯವರು ಸಂಬಳದ ಪಟ್ಟಿ, ಆಸ್ಪತ್ರೆಯ ಚೀಟಿ ಹುಡುಕಿ ಇಂದಿಗೂ ಒಬ್ಬೊಬ್ಬರದನ್ನೇ ಮತ್ತೆ ಕಟ್ಟಿಕೊಡುತ್ತಿದ್ದಾರೆ. ತಪ್ಪು ತಿದ್ದಲೆಂದೇ ನಾಗರಿಕರ ಮಂಡಳಿಗಳಿಗೆ 1946ರಲ್ಲೇ ಕಾನೂನು ಮಾಡಿಕೊಂಡಿದ್ದಾರೆ. ಪಾಪ, ಅವರಿಗೆ ಬೆಂಕಿ ಬೇಕಾಯಿತು. ನಮ್ಮಲ್ಲಿ ಸುತ್ತೋಲೆ ಸಾಕು.

ಕುಂದಗೋಳ ತಾಲ್ಲೂಕಿನ ಬೆಟದೂರಿನ ವಿಷಯದಲ್ಲಿ ನಗೆಯಾಡಲು ನನಗೆ ಬಾಯಿ ಬರುವುದಿಲ್ಲ. 19ನೇ ಮದ್ರಾಸ್ ಪಲ್ಟನ್ನಿನ ಲ್ಯಾನ್ಸ್ ನಾಯಕ್ ಹಣಮಂತಪ್ಪ ಕೊಪ್ಪದ 2016ರ ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ, 19,000 ಅಡಿಗೂ ಮೇಲೆ, ಒಂಬತ್ತು ಜನ ಸಂಗಡಿಗರೊಂದಿಗೆ ಹಿಮದಡಿ ಹೂತುಹೋದರು. ದಿಲ್ಲಿ ಮರುದಿನವೇ ಸಂತಾಪ ಸೂಚಿಸಿಯಾಗಿತ್ತು. ಆರು ದಿನದ ಮೇಲೆ ಅದೇ ಸೈನ್ಯದ ಜನ ಸುಮಾರು 25 ಅಡಿ ಮಂಜುಗಡ್ಡೆ ಕೊರೆದು ಅವರನ್ನು ಜೀವಂತ ಹೊರತೆಗೆದರು. 11ರಂದು ದಿಲ್ಲಿಯ ಆಸ್ಪತ್ರೆಯಲ್ಲಿ ಜೀವ ಹೋಯಿತು. ಸತ್ತವರೆಂದು ಬರೆದದ್ದನ್ನು ಕೈಯಾರೆ ಅಗೆದು ಸುಳ್ಳು ಮಾಡಿದ ಆ ಹುಡುಗರಿಗೆ ಯಾರೂ ಮೂರು ಪ್ರತಿಯಲ್ಲಿ ಅರ್ಜಿ ಕೊಟ್ಟಿರಲಿಲ್ಲ. ಬೆಟದೂರಿಗೆ ನಾಯಕರ ಕಾರುಗಳು ಸಾಲುಗಟ್ಟಿದವು, 2017ರಲ್ಲಿ ಸೇನಾ ಪದಕ ಬಂತು. ಆ ವಾರ ಇಂಗ್ಲಿಷ್ ಪತ್ರಿಕೆಗಳು ಅವರ ಹೆಸರನ್ನು ಮೂರು ನಾಲ್ಕು ಬಗೆಯಲ್ಲಿ ಬರೆದವು. ಭರವಸೆ ಕೊಟ್ಟ ನೌಕರಿ ಕೈಸೇರಲಿಲ್ಲವೆಂದು ಮುಂದೆ ಮನೆಯವರೇ ಪತ್ರಿಕೆಯವರ ಮುಂದೆ ಬಾಯಿ ಬಿಡಬೇಕಾಯಿತು. ಮಂಜುಗಡ್ಡೆಯಲ್ಲಿ ಮನುಷ್ಯನನ್ನು ಹುಡುಕಬಲ್ಲವರೂ ಕಪಾಟಿನಲ್ಲಿ ಕಾಗದ ಹುಡುಕಲಾಗದವರೂ ಒಂದೇ ಸರಕಾರದ ಸಂಬಳ ತಿನ್ನುತ್ತಾರೆ.

ಬದುಕಿದ್ದೇನೆ ಎಂಬ ದಾಖಲೆಯಾದರೂ ಸುಲಭವೇ? ವರ್ಷಕ್ಕೊಮ್ಮೆ ಜೀವಂತ ಪ್ರಮಾಣಪತ್ರ ಕೊಡಬೇಕು. 2022ರ ಏಪ್ರಿಲ್‌ನಲ್ಲಿ, ಗುರುತು ದೃಢಪಟ್ಟಿಲ್ಲವೆಂದು 58,000ಕ್ಕೂ ಹೆಚ್ಚು ಸೈನಿಕ ಪಿಂಚಣಿದಾರರಿಗೆ ತಿಂಗಳ ಕೊನೆಗೆ ಪಿಂಚಣಿ ಜಮಾ ಆಗಲಿಲ್ಲ. ಗದ್ದಲವಾದ ಮೇಲೆ ರಕ್ಷಣಾ ಸಚಿವಾಲಯ ಮೇ 25ರವರೆಗೆ ಬದುಕಿರಲು ಅವರಿಗೆ ವಿಶೇಷ ವಿನಾಯಿತಿ ಕೊಟ್ಟಿತು. ಕಾಕಾನ ಹೆಬ್ಬೆಟ್ಟು ಯಂತ್ರಕ್ಕೆ ಹಿಡಿಸುವುದಿಲ್ಲ. ಇಪ್ಪತ್ತು ವರ್ಷ ರೈಫಲ್, ಆಮೇಲೆ ಮೂವತ್ತು ವರ್ಷ ಎರೆ ಹೊಲದಲ್ಲಿ ಕುಡಗೋಲು. ಗೆರೆಗಳೆಲ್ಲ ಸವೆದಿವೆ. ಅಂಗಡಿಯ ಹುಡುಗ ಬೆರಳು ಒರೆಸುತ್ತಾನೆ, ಒತ್ತುತ್ತಾನೆ, ಮತ್ತೆ ಒರೆಸುತ್ತಾನೆ. ಆಗಸ್ಟ್ 15ರಂದು ಮಾತ್ರ ಯಾವ ಯಂತ್ರವೂ ಬೇಕಾಗುವುದಿಲ್ಲ. ಶಾಲೆಯ ಕಟ್ಟೆಯ ಮೇಲೆ ಕುರ್ಚಿ ಹಾಕಿ, ಶಾಲು ಹೊದಿಸಿ, ಮೈಕಿನಲ್ಲಿ ಹೆಸರು ಸರಿಯಾಗಿ ಕೂಗುತ್ತಾರೆ.

ಸರಕಾರ ಈ ಸಮಸ್ಯೆಗೆ ಕಣ್ಣು ಮುಚ್ಚಿ ಕೂತಿದೆ ಎನ್ನುವುದು ಅನ್ಯಾಯ. 2022ರ ಜೂನ್ 14ರಂದು ಅದಕ್ಕೆ ಶಾಶ್ವತ ಪರಿಹಾರ ಪ್ರಕಟಿಸಿದೆ, ಹೆಸರು ಅಗ್ನಿಪಥ. ನಾಲ್ಕು ವರ್ಷ ಸೇವೆ. ನೂರಕ್ಕೆ 25 ಜನರನ್ನು ಉಳಿಸಿಕೊಂಡು ಉಳಿದವರ ಕೈಗೆ ಗಂಟು ಕೊಟ್ಟು ಮನೆಗೆ. ಪಿಂಚಣಿ ಇಲ್ಲ, ಆದ್ದರಿಂದ ಪಿಪಿಒ ಇಲ್ಲ, ಆದ್ದರಿಂದ ಪಿಪಿಒದಲ್ಲಿ ತಪ್ಪಿಲ್ಲ. ಮಾಜಿ ಸೈನಿಕನೆಂಬ ಪಟ್ಟವೂ ಇಲ್ಲದ್ದರಿಂದ ಅದರ ಗುರುತಿನ ಚೀಟಿಯಲ್ಲಿ ಅಕ್ಷರ ತಪ್ಪುವ ಭಯವೂ ಇಲ್ಲ. ದ್ರೌಪದಿ ಘಾಟಿನ ಗುಮಾಸ್ತರಿಗೆ ಇದಕ್ಕಿಂತ ದೊಡ್ಡ ಉಪಕಾರವನ್ನು ಯಾರೂ ಮಾಡಿರಲಿಲ್ಲ.

ನವಲಗುಂದದಿಂದ ಅಣ್ಣಿಗೇರಿಗೆ ಹೋಗುವ ರಸ್ತೆಯಲ್ಲಿ ನಸುಕಿನಲ್ಲೇ ಹುಡುಗರು ಭರ್ತಿಗಾಗಿ ಓಡುತ್ತಿರುತ್ತಾರೆ. ಕಾಕಾ ಒಬ್ಬನನ್ನು ತಡೆದು ನಿಲ್ಲಿಸಿದರು.

"ಲೇ ತಮ್ಮಾ, ಎದಿ ಆಮ್ಯಾಲೆ ಉಬ್ಬಿಸೀಯಂತ. ಮದಲ ಆಧಾರಿನ್ಯಾಗ, ಮಾರ್ಕ್ಸ್ ಕಾರ್ಡಿನ್ಯಾಗ ಹೆಸರು ಒಂದ ಥರ ಐತೇನು ನೋಡ್ಕೋ."

"ನಾಕ ವರ್ಷದಾಗ ಎಷ್ಟ ತಪ್ಪ ಮಾಡ್ಯಾರು ಬಿಡ್ರಿ ಕಾಕಾ," ಎಂದು ಹುಡುಗ ಓಟ ಕಿತ್ತ.

"ನಂದು ಮದಲನೇ ದಿನಾನ ಮಾಡಿದ್ರಲೇ," ಎಂದು ಕಾಕಾ ಹಿಂದಿನಿಂದ ಕೂಗಿದರು.